ಉಬ್ಬಿದ್ದು ನರವಲ್ಲ, ರಕ್ತನಾಳ: ಕಾಲಿನ ವೆರಿಕೋಸ್ ವೇನ್ಸ್ ಮತ್ತು ಅದರ ಇಂದಿನ ಚಿಕಿತ್ಸೆ

ಕಾಲಿನಲ್ಲಿ 'ನರ ಉಬ್ಬಿದೆ' ಎಂದು ಹೇಳಿಕೊಳ್ಳುವ ಒಬ್ಬರಾದರೂ ಇಲ್ಲದ ಬಂಧುಬಳಗ ನಮ್ಮಲ್ಲಿ ವಿರಳ. ಮೊಣಕಾಲಿನ ಕೆಳಗೆ, ಮೀನಖಂಡದ ಮೇಲೆ, ಹಗ್ಗ ಹೊಸೆದಂತೆ ಅಂಕುಡೊಂಕಾಗಿ ಹಬ್ಬಿದ ನೀಲಿ ನಾಳಗಳನ್ನು ಎಲ್ಲರೂ ಕಂಡಿರುತ್ತೇವೆ. ಪುರುಷರಾದರೆ ಪಂಚೆ ಎತ್ತಿ ಕಟ್ಟಿದಾಗ ಕಾಣಿಸುತ್ತದೆ. ಸ್ತ್ರೀಯರಾದರೆ ಸೀರೆಯ ಮರೆಯಲ್ಲಿ ವರ್ಷಗಟ್ಟಲೆ ಅಡಗಿಯೇ ಇರುತ್ತದೆ. ಸಂಜೆಯಾದೊಡನೆ ಕಾಲು ಭಾರ, ರಾತ್ರಿ ಸೆಳೆತ, ಹರಡಿನ ಬಳಿ ಊತ. ಇವನ್ನೆಲ್ಲ ವಯಸ್ಸಿನ ಧರ್ಮವೆಂದು ತಿಳಿದು ಸಹಿಸಿಕೊಳ್ಳುವವರೇ ಹೆಚ್ಚು.

ಹಳೆಯ ಬಳಕೆಯಲ್ಲಿ 'ನರ' ಎಂಬ ಮಾತನ್ನು ನಮ್ಮ ಜನರು ಚರ್ಮದ ಕೆಳಗೆ ದಾರದಂತೆ, ಹುರಿಯಂತೆ ಕಾಣುವ ಎಲ್ಲಕ್ಕೂ ಅನ್ವಯಿಸುತ್ತಿದ್ದರು. ಇಂದಿನ ವೈದ್ಯಶಾಸ್ತ್ರದ ಪರಿಭಾಷೆಯಲ್ಲಿ ನರವೆಂದರೆ ಮೆದುಳು ಮತ್ತು ಬೆನ್ನುಹುರಿಯಿಂದ ಹೊರಟು ಸ್ಪರ್ಶ, ನೋವು, ಚಲನೆಗಳ ಸಂದೇಶವನ್ನು ಒಯ್ಯುವ ತಂತು. ಕಾಲಿನಲ್ಲಿ ಉಬ್ಬಿ ನಿಲ್ಲುವುದು ಅದಲ್ಲ. ಅದು ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿ. ಇದು ಕೇವಲ ಶಬ್ದದ ಚರ್ಚೆಯೆಂದು ವಾಚಕರು ಭಾವಿಸಬಾರದು. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. 'ನರ ಉಬ್ಬಿದೆ' ಎಂಬುದು ಬಾಯಿಂದ ಬಾಯಿಗೆ 'ನರದೌರ್ಬಲ್ಯ'ವಾಗಿ, ಅದಕ್ಕೆ ಶಕ್ತಿಯ ಗುಳಿಗೆ, ಬಲವರ್ಧಕ ಸೂಜಿ, ಬಿಸಿ ಎಣ್ಣೆಯ ನೀವುವಿಕೆ ಎಂದು ವರ್ಷಗಳು ಕಳೆಯುತ್ತವೆ. ಅಷ್ಟರಲ್ಲಿ ನಿಜವಾದ ರೋಗವು ಚರ್ಮವನ್ನು ಕಪ್ಪಾಗಿಸಿ, ಕೊನೆಗೆ ಮಾಯದ ಹುಣ್ಣಾಗಿ ಒಡೆಯುತ್ತದೆ. ಆದುದರಿಂದ ಮೊದಲು ಈ ನಾಳಗಳ ಸ್ವರೂಪವನ್ನು ಅರಿಯುವುದು ಅವಶ್ಯಕ.

ರಕ್ತದ ಮೇಲ್ಮುಖ ಪಯಣ

ಹೃದಯವು ರಕ್ತವನ್ನು ಒತ್ತಿ ಹೊರಗೆ ಕಳುಹಿಸುತ್ತದೆ. ಅಪಧಮನಿಗಳ ಮೂಲಕ ಅದು ಪಾದದ ತುದಿಯವರೆಗೆ ತಲುಪುವುದು ಸುಲಭ. ಹಿಂದೆ ಒತ್ತಡವೂ ಇದೆ, ಇಳಿಜಾರೂ ಇದೆ. ಆದರೆ ಅದೇ ರಕ್ತವು ಪಾದದಿಂದ ಹೃದಯಕ್ಕೆ ಮರಳುವಾಗ ನಾಲ್ಕು ಅಡಿಗಳಷ್ಟು ಎತ್ತರವನ್ನು ಭೂಮಿಯ ಸೆಳೆತಕ್ಕೆ ವಿರುದ್ಧವಾಗಿ ಏರಬೇಕು. ನಿಶ್ಚಲವಾಗಿ ನಿಂತಿರುವ ವ್ಯಕ್ತಿಯ ಪಾದದ ಅಭಿಧಮನಿಯಲ್ಲಿ ಪಾದರಸದ ಅಳತೆಯಲ್ಲಿ ಸುಮಾರು 80ರಿಂದ 90 ಮಿಲಿಮೀಟರಿನಷ್ಟು ಒತ್ತಡವಿರುತ್ತದೆ. ಇದು ಬಾವಿಯ ತಳದಲ್ಲಿ ನೀರಿನ ಭಾರವಿದ್ದಂತೆ.

ಈ ಭಾರವನ್ನು ಎತ್ತುವುದಕ್ಕೆ ಪ್ರಕೃತಿಯು ಎರಡು ಉಪಾಯಗಳನ್ನು ಮಾಡಿದೆ. ಮೊದಲನೆಯದು ಮೀನಖಂಡದ ಮಾಂಸಖಂಡ. ನಾವು ಒಂದೊಂದು ಹೆಜ್ಜೆ ಇಟ್ಟಾಗಲೂ ಅದು ಬಿಗಿದು, ತನ್ನೊಳಗಿನ ಆಳದ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತದೆ. ವೈದ್ಯರು ಇದನ್ನು ಎರಡನೆಯ ಹೃದಯವೆಂದು ಕರೆಯುವುದುಂಟು. ಆರೋಗ್ಯವಂತನು ನಡೆಯುವಾಗ ಪಾದದ ನಾಳಗಳ ಒತ್ತಡವು 30 ಮಿಲಿಮೀಟರಿಗಿಂತಲೂ ಕೆಳಗೆ ಇಳಿಯುತ್ತದೆ. ಎರಡನೆಯ ಉಪಾಯ ನಾಳದೊಳಗಿನ ಕವಾಟಗಳು. ಎರಡು ತೆಳುವಾದ ಎಸಳುಗಳುಳ್ಳ ಈ ಪುಟ್ಟ ಬಾಗಿಲುಗಳು ರಕ್ತ ಮೇಲೇರುವಾಗ ತೆರೆದುಕೊಳ್ಳುತ್ತವೆ, ಕೆಳಗಿಳಿಯಲು ಹವಣಿಸಿದಾಗ ಮುಚ್ಚಿಕೊಳ್ಳುತ್ತವೆ. ನೀರು ಒಂದೇ ಕಡೆಗೆ ಹರಿಯುವಂತೆ ಮಾಡುವ ತೂಬುಗಳಂತೆ ಇವು ಕೆಲಸ ಮಾಡುತ್ತವೆ.

ಈ ಕವಾಟಗಳನ್ನು ವಿವರವಾಗಿ ಚಿತ್ರಿಸಿ 1603ರಲ್ಲಿ ಗ್ರಂಥವನ್ನು ಪ್ರಕಟಿಸಿದವನು ಇಟಲಿಯ ಪಡುವಾ ವಿಶ್ವವಿದ್ಯಾಲಯದ ಫ್ಯಾಬ್ರೀಶಿಯಸ್. ಆದರೆ ಅವುಗಳ ಪೂರ್ಣ ಅರ್ಥವನ್ನು ಕಂಡವನು ಅವನ ಶಿಷ್ಯನಾದ ಇಂಗ್ಲೆಂಡಿನ ವಿಲಿಯಂ ಹಾರ್ವೆ. 1628ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ, ರಕ್ತವು ಹೃದಯದ ಕಡೆಗೆ ಮಾತ್ರ ಚಲಿಸುವುದೆಂಬುದನ್ನು ಆತ ತೋರಿಸಿಕೊಟ್ಟನು. ಗುರು ಕಂಡ ಬಾಗಿಲಿನ ಮೂಲಕ ಶಿಷ್ಯನು ಒಳಗೆ ಪ್ರವೇಶಿಸಿದನೆನ್ನಬಹುದು.

ಕಾಲಿನ ಅಭಿಧಮನಿಗಳು ಎರಡು ಪದರುಗಳಲ್ಲಿವೆ. ಮಾಂಸಖಂಡಗಳ ನಡುವಣ ಆಳದ ನಾಳಗಳು ಕಾಲಿನ ರಕ್ತದ ಸುಮಾರು 90 ಭಾಗವನ್ನು ಒಯ್ಯುತ್ತವೆ. ಚರ್ಮದ ಕೆಳಗಿನ ಮೇಲ್ಪದರದ ನಾಳಗಳಲ್ಲಿ ಪ್ರಮುಖವಾದದ್ದು ಒಳಹರಡಿನಿಂದ ತೊಡೆಸಂದಿಯವರೆಗೆ ಸಾಗುವ ಮಹಾ ಸಫೀನಸ್ ನಾಳ. ನಮ್ಮ ದೇಹದ ಅತ್ಯಂತ ಉದ್ದನೆಯ ಅಭಿಧಮನಿ ಇದೇ. ಮೀನಖಂಡದ ಹಿಂಬದಿಯಲ್ಲಿ ಕಿರಿಯ ಸಫೀನಸ್ ನಾಳವಿದೆ. ಈ ಎರಡೂ ಪದರುಗಳನ್ನು ಬೆಸೆಯುವ ಸಣ್ಣ ಸೇತುನಾಳಗಳೂ ಇವೆ.

ಕವಾಟಗಳು ಏಕೆ ಸೋಲುತ್ತವೆ?

ನಾಳದ ಗೋಡೆಯು ಸಡಿಲಗೊಂಡು ಹಿಗ್ಗಿದಾಗ ಕವಾಟದ ಎರಡು ಎಸಳುಗಳು ಒಂದನ್ನೊಂದು ಮುಟ್ಟುವುದಿಲ್ಲ. ಆಗ ಮೇಲೇರಿದ ರಕ್ತ ಕೆಳಕ್ಕೆ ಜಾರುತ್ತದೆ. ಆ ಭಾರಕ್ಕೆ ಕೆಳಗಿನ ನಾಳವೂ ಹಿಗ್ಗಿ, ಅಲ್ಲಿಯ ಕವಾಟವೂ ಸೋಲುತ್ತದೆ. ಹೀಗೆ ದೋಷವು ಹಂತಹಂತವಾಗಿ ಹರಡಿ, ನಾಳವು ಉದ್ದವಾಗಿ, ಅಂಕುಡೊಂಕಾಗಿ ಚರ್ಮದಡಿಯಲ್ಲಿ ಉಬ್ಬುತ್ತದೆ. ಇದೇ ವೆರಿಕೋಸ್ ವೇನ್ಸ್.

ಇದಕ್ಕೆ ವಂಶದ ಗುಣವು ಮುಖ್ಯವಾದ ಕಾರಣ. ತಂದೆತಾಯಿಗಳಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ವಯಸ್ಸು, ದೇಹದ ಅತಿಭಾರ, ಹಿಂದೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇವು ಇನ್ನಿತರ ಕಾರಣಗಳು. ಗರ್ಭಿಣಿಯರಲ್ಲಿ ದೇಹದ ರಕ್ತದ ಪ್ರಮಾಣ ಹೆಚ್ಚುತ್ತದೆ, ರಸದೂತಗಳ ಪ್ರಭಾವದಿಂದ ನಾಳಗಳು ಸಡಿಲಗೊಳ್ಳುತ್ತವೆ, ಬೆಳೆಯುವ ಗರ್ಭವು ಹೊಟ್ಟೆಯ ಅಭಿಧಮನಿಗಳನ್ನು ಒತ್ತುತ್ತದೆ. ಆದುದರಿಂದ ಒಂದೊಂದು ಬಸಿರಿನೊಡನೆ ತೊಂದರೆ ಹೆಚ್ಚುವುದುಂಟು. ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಇಳಿಯುವುದೂ ಉಂಟು.

ಇವೆಲ್ಲದರೊಡನೆ ಸೇರುವುದು ನಿಂತೇ ಮಾಡುವ ದುಡಿಮೆ. ಶಾಲೆಯ ಶಿಕ್ಷಕರು, ಸಂಚಾರ ಪೊಲೀಸರು, ಬಟ್ಟೆ ಅಂಗಡಿಯ ಮಾರಾಟಗಾರರು, ಕ್ಷೌರಿಕರು, ಆಸ್ಪತ್ರೆಯ ದಾದಿಯರು, ಖಾನಾವಳಿಯ ಅಡುಗೆಯವರು ಮತ್ತು, ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದ ನಮ್ಮ ಮನೆಯ ತಾಯಂದಿರು ದಿನಕ್ಕೆ ಹಲವು ಗಂಟೆಗಳ ಕಾಲ ಒಂದೇ ಸ್ಥಳದಲ್ಲಿ ನಿಲ್ಲುತ್ತಾರೆ. ನಡೆಯುವುದು ಕಾಲಿಗೆ ಹಿತ; ಅಲ್ಲಾಡದೆ ನಿಲ್ಲುವುದು ಕಾಲಿಗೆ ಭಾರ. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು.

ಪ್ರಾಚೀನರು ಕಂಡ ರೋಗ

ಈ ರೋಗವು ಹೊಸದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿಗಳ ವಿಚಾರ ಬರುವಲ್ಲಿ 'ಸಿರಾಜ ಗ್ರಂಥಿ' ಎಂಬ ಭೇದವಿದೆ. ದುರ್ಬಲನು ಅತಿಶ್ರಮಪಟ್ಟಾಗ ವಾಯುವು ಸಿರಾಸಮೂಹವನ್ನು ಹಿಡಿದು ಸಂಕೋಚಗೊಳಿಸಿ ಗಂಟಾಗಿಸುತ್ತದೆಂದು ಅಲ್ಲಿಯ ವಿವರಣೆ. ಇಂದಿನ ಆಯುರ್ವೇದ ವಿದ್ವಾಂಸರಲ್ಲಿ ಹಲವರು ಇದನ್ನು ವೆರಿಕೋಸ್ ವೇನ್ಸ್‌ನೊಂದಿಗೆ ಹೋಲಿಸುತ್ತಾರೆ. ಕವಾಟದ ಜ್ಞಾನ ಇಲ್ಲದಿದ್ದ ಕಾಲದಲ್ಲಿಯೂ ಶ್ರಮಕ್ಕೂ ಈ ಗಂಟಿಗೂ ಸಂಬಂಧವನ್ನು ಕಂಡದ್ದು ಗಮನಾರ್ಹ.

ಗ್ರೀಕ್ ಲೇಖಕ ಪ್ಲೂಟಾರ್ಕನು ರೋಮಿನ ಸೇನಾಪತಿ ಗಾಯಸ್ ಮಾರಿಯಸ್ಸನ ಚರಿತ್ರೆಯಲ್ಲಿ ಒಂದು ಸಂಗತಿಯನ್ನು ಹೇಳಿದ್ದಾನೆ. ಮಾರಿಯಸ್ಸನ ಎರಡೂ ಕಾಲುಗಳಲ್ಲಿ ಇಂತಹ ನಾಳಗಳು ತುಂಬಿದ್ದವು. ಕಟ್ಟಿಹಾಕಿಸಿಕೊಳ್ಳದೆ, ನರಳದೆ ಆತ ಒಂದು ಕಾಲನ್ನು ವೈದ್ಯನ ಕತ್ತಿಗೆ ಒಡ್ಡಿದನು. ವೈದ್ಯನು ಇನ್ನೊಂದು ಕಾಲಿನ ಬಳಿಗೆ ಹೋದಾಗ ಮಾತ್ರ, ಇಷ್ಟು ನೋವಿಗೆ ಈ ಗುಣವು ತಕ್ಕುದಲ್ಲವೆಂದು ನಿರಾಕರಿಸಿದನು. ಅರಿವಳಿಕೆ ಇಲ್ಲದ ಆ ಕಾಲಕ್ಕೆ ಅವನ ತೀರ್ಮಾನ ಸರಿಯಾದುದೇ. ಆದರೆ ಎರಡು ಸಾವಿರ ವರ್ಷಗಳ ಅನಂತರವೂ ನಮ್ಮ ಜನರು ಅದೇ ಕತ್ತಿಯನ್ನು ಕಲ್ಪಿಸಿಕೊಂಡು ಹೆದರುವುದು ಅನವಶ್ಯಕ.

ರೋಗದ ಮೆಟ್ಟಿಲುಗಳು

1994ರಲ್ಲಿ ವಿವಿಧ ದೇಶಗಳ ತಜ್ಞರು ಸೇರಿ ಈ ರೋಗವನ್ನು ವರ್ಗೀಕರಿಸುವ ಒಂದು ಕ್ರಮವನ್ನು ರೂಪಿಸಿದರು. 'ಸೀಪ್' ಎಂಬ ಹೆಸರಿನ ಈ ಕ್ರಮವು 2004 ಮತ್ತು 2020ರಲ್ಲಿ ಪರಿಷ್ಕಾರಗೊಂಡು ಇಂದಿಗೂ ಬಳಕೆಯಲ್ಲಿದೆ. ಅದರ ಸಾರ ಹೀಗಿದೆ. ಮೊದಲನೆಯ ಮೆಟ್ಟಿಲಿನಲ್ಲಿ ಜೇಡರ ಬಲೆಯಂತಹ ಸಣ್ಣ ಕೆಂಪು ಅಥವಾ ನೀಲಿ ಗೆರೆಗಳು ಕಾಣಿಸುತ್ತವೆ. ಎರಡನೆಯದರಲ್ಲಿ 3 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪವಾದ ಉಬ್ಬಿದ ನಾಳಗಳು. ಮೂರನೆಯದರಲ್ಲಿ ಊತ. ನಾಲ್ಕನೆಯದರಲ್ಲಿ ಚರ್ಮದ ಬದಲಾವಣೆ: ಹರಡಿನ ಮೇಲ್ಭಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಕಜ್ಜಿಯಂತೆ ತುರಿಸುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಐದನೆಯದು ಮಾಗಿದ ಹುಣ್ಣು. ಆರನೆಯದು ತೆರೆದ ಹುಣ್ಣು.

ಎಲ್ಲರೂ ಈ ಮೆಟ್ಟಿಲುಗಳನ್ನು ಒಂದಾದ ಮೇಲೊಂದು ಏರಿಯೇ ತೀರುತ್ತಾರೆಂದು ಭಾವಿಸಬೇಕಾಗಿಲ್ಲ. ಅನೇಕರು ಜೀವನವಿಡೀ ಎರಡನೆಯದರಲ್ಲಿಯೇ ಉಳಿಯುವುದುಂಟು. ಆದರೆ ಹರಡಿನ ಒಳಭಾಗದ ಚರ್ಮವು ಕಪ್ಪಾಗಲು ಆರಂಭಿಸಿತೆಂದರೆ ಅದು ಎಚ್ಚರಿಕೆಯ ಗಂಟೆ. ಹೆಚ್ಚಿದ ಒತ್ತಡದಿಂದ ಕೆಂಪು ರಕ್ತಕಣಗಳು ನಾಳದ ಹೊರಗೆ ಸೋರಿ, ಅವುಗಳಲ್ಲಿನ ಕಬ್ಬಿಣದ ಅಂಶವು ಚರ್ಮದಲ್ಲಿ ಉಳಿದು ಈ ಬಣ್ಣ ಬರುತ್ತದೆ. ಅದನ್ನು ಕೇವಲ ಚರ್ಮರೋಗವೆಂದು ತಿಳಿದು ಮುಲಾಮು ಹಚ್ಚಿದರೆ ಮೂಲವು ಹಾಗೆಯೇ ಉಳಿಯುತ್ತದೆ.

ಎರಡು ಸಂದರ್ಭಗಳಲ್ಲಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಒಂದು, ಉಬ್ಬಿದ ನಾಳವು ಒಡೆದು ರಕ್ತ ಚಿಮ್ಮಿದಾಗ. ಆಗ ರೋಗಿಯನ್ನು ನಿಲ್ಲಿಸಬಾರದು, ಕುರ್ಚಿಯಲ್ಲಿ ಕೂರಿಸಲೂಬಾರದು. ಮಲಗಿಸಿ, ಕಾಲನ್ನು ಹೃದಯಕ್ಕಿಂತ ಎತ್ತರಕ್ಕೆ ಹಿಡಿದು, ಶುಭ್ರವಾದ ಬಟ್ಟೆಯಿಂದ ಆ ಸ್ಥಳವನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಇಷ್ಟು ಸಣ್ಣ ತಿಳಿವಳಿಕೆ ಇಲ್ಲದೆ ಪ್ರಾಣವೇ ಹೋದ ನಿದರ್ಶನಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಎರಡು, ಒಂದೇ ಕಾಲು ಹಠಾತ್ತನೆ ಊದಿ, ಬಿಸಿಯಾಗಿ, ನೋಯತೊಡಗಿದಾಗ. ಇದು ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಸೂಚನೆಯಾಗಿರಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಸಾಗಿದರೆ ಅಪಾಯ. ಅಂತಹ ಕಾಲನ್ನು ಎಂದಿಗೂ ತಿಕ್ಕಬಾರದು, ನೀವಬಾರದು.

ಮಾಯದ ಹುಣ್ಣಿನ ಕಥೆ

ನಾನು ಬಲ್ಲ ಒಂದು ಮಠದ ದಾಸೋಹದ ಅಡುಗೆಮನೆಯಲ್ಲಿ ಮೂವತ್ತು ವರ್ಷಗಳ ಕಾಲ ಅನ್ನದ ಕೊಪ್ಪರಿಗೆಯ ಮುಂದೆ ನಿಂತು ಸೇವೆ ಸಲ್ಲಿಸಿದ ತಾಯಿಯೊಬ್ಬರಿದ್ದಾರೆ. ಅವರ ಎಡಗಾಲಿನ ಹರಡಿನ ಮೇಲೆ ಅಂಗೈಯಗಲದ ಹುಣ್ಣು ನಾಲ್ಕು ವರ್ಷ ಮಾಯಲಿಲ್ಲ. ಅರಿಶಿನ ಹಚ್ಚಿದರು, ಬೇವಿನ ಎಲೆ ಅರೆದು ಕಟ್ಟಿದರು. ಸಕ್ಕರೆ ಕಾಯಿಲೆಯೆಂದು ಕೆಲವರು ಹೇಳಿದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಹಿಂದಿನ ಜನ್ಮದ ಫಲವೆಂದು ಇನ್ನು ಕೆಲವರು ನುಡಿದರು. ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕೂರಲು ಹಿಂಜರಿದವರೂ ಇದ್ದರು. ಆ ತಾಯಿಗೆ ಹುಣ್ಣಿಗಿಂತ ಹೆಚ್ಚು ನೋವು ಕೊಟ್ಟದ್ದು ಇದು.

ಕೊನೆಗೆ ಶಸ್ತ್ರವೈದ್ಯರೊಬ್ಬರು ಕಾಲನ್ನು ನಿಲ್ಲಿಸಿ ನೋಡಿ, ಹುಣ್ಣಿನ ಮೇಲ್ಗಡೆ ಹಬ್ಬಿದ್ದ ನಾಳವನ್ನು ತೋರಿಸಿದರು. ನಾಳಕ್ಕೆ ಲೇಸರ್ ಚಿಕಿತ್ಸೆಯಾಯಿತು. ಹುಣ್ಣಿಗೆ ಕ್ರಮವಾದ ಬಿಗಿಪಟ್ಟಿ ಕಟ್ಟಿದರು. ಸುಮಾರು ಮೂರು ತಿಂಗಳಲ್ಲಿ ಹುಣ್ಣು ಮಾಯಿತು. ಅವರಿಗಿದ್ದದ್ದು ಪಾಪದ ಫಲವಲ್ಲ, ಅಂಟುರೋಗವೂ ಅಲ್ಲ. ಸೋತುಹೋದ ಕೆಲವು ಕವಾಟಗಳ ಫಲ. ಕರ್ಮದ ಹೆಸರಿನಲ್ಲಿ ರೋಗಿಯನ್ನು ದೂರವಿಡುವುದು ಶರಣಧರ್ಮಕ್ಕೆ ಸಲ್ಲದ ನಡೆ.

ಈ ವಿಚಾರವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಅಧ್ಯಯನವೊಂದಿದೆ. ಬ್ರಿಟನ್ನಿನ 20 ಆಸ್ಪತ್ರೆಗಳಲ್ಲಿ ಇಂತಹ ಹುಣ್ಣುಳ್ಳ 450 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಬಿಗಿಪಟ್ಟಿ ಕಟ್ಟಲಾಯಿತು. ಒಂದು ಗುಂಪಿಗೆ ಎರಡು ವಾರಗಳೊಳಗೆ ನಾಳದ ಚಿಕಿತ್ಸೆಯನ್ನೂ ಮಾಡಿದರು. ಇನ್ನೊಂದಕ್ಕೆ ಅದನ್ನು ಮುಂದೂಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪಿನಲ್ಲಿ ಹುಣ್ಣು ಮಾಯಲು ಬೇಕಾದ ಮಧ್ಯಮ ಅವಧಿ 56 ದಿನ, ಎರಡನೆಯದರಲ್ಲಿ 82 ದಿನ. ಹುಣ್ಣು ಮಾಯಲಿ, ಆಮೇಲೆ ನಾಳವನ್ನು ನೋಡೋಣವೆಂಬ ಹಳೆಯ ಕ್ರಮವನ್ನು ಈ ಅಧ್ಯಯನವು ಬದಲಿಸಿತು.

ಪರೀಕ್ಷೆ ಮತ್ತು ಬಿಗಿ ಕಾಲುಚೀಲ

ರೋಗವನ್ನು ಖಚಿತಪಡಿಸಲು ಡಾಪ್ಲರ್ ಅಲ್ಟ್ರಾಸೌಂಡ್ ಪರೀಕ್ಷೆ ಅತ್ಯವಶ್ಯ. ಸೂಜಿಯಿಲ್ಲ, ನೋವಿಲ್ಲ, ಕ್ಷಕಿರಣವೂ ಇಲ್ಲ. ರೋಗಿಯನ್ನು ನಿಲ್ಲಿಸಿ, ಮೀನಖಂಡವನ್ನು ಹಿಂಡಿ ಬಿಟ್ಟಾಗ ಮೇಲ್ಪದರದ ನಾಳದಲ್ಲಿ ರಕ್ತವು ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಲ ಹಿಂದಕ್ಕೆ ಹರಿದರೆ ಕವಾಟ ಸೋತಿದೆಯೆಂದು ಅರ್ಥ. ಆಳದ ನಾಳಗಳು ತೆರೆದಿವೆಯೇ ಎಂಬುದೂ ಇದರಿಂದಲೇ ತಿಳಿಯುತ್ತದೆ. ಆಳದ ದಾರಿ ಮುಚ್ಚಿದ್ದರೆ ಉಬ್ಬಿದ ಮೇಲ್ನಾಳವೇ ರಕ್ತಕ್ಕೆ ಉಳಿದಿರುವ ಬದಲಿ ದಾರಿಯಾಗಿರಬಹುದು. ಅದನ್ನು ಮುಚ್ಚಿದರೆ ಕೇಡು. ಆದುದರಿಂದ ಈ ಪರೀಕ್ಷೆಯನ್ನು ಮಾಡದೆ ನೇರವಾಗಿ ಚಿಕಿತ್ಸೆಯ ದಿನವನ್ನು ಗೊತ್ತುಪಡಿಸುವವರ ಮಾತಿಗೆ ಒಪ್ಪಬಾರದು.

ಬಿಗಿ ಕಾಲುಚೀಲದ ಹಿಂದೆ ಒಂದು ಸ್ವಾರಸ್ಯವಿದೆ. ಅಮೆರಿಕದ ಕಾನ್ರಾಡ್ ಜಾಬ್ಸ್ಟ್ ಎಂಬ ಇಂಜಿನಿಯರನಿಗೆ ಇದೇ ರೋಗವಿತ್ತು. ಈಜುಕೊಳದಲ್ಲಿ ನಿಂತಾಗ ತನ್ನ ಕಾಲುನೋವು ಶಮನವಾಗುವುದನ್ನು ಆತ ಗಮನಿಸಿದನು. ನೀರಿನ ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ. ಪಾದದ ಬಳಿ ಅಧಿಕ, ಮೇಲೇರಿದಂತೆ ಕಡಿಮೆ. ಅದೇ ಕ್ರಮದಲ್ಲಿ ಒತ್ತುವ ಕಾಲುಚೀಲವನ್ನು ಆತ 1950ರ ಸುಮಾರಿಗೆ ರೂಪಿಸಿದನು. ಇಂದು ನಮ್ಮ ಔಷಧದ ಅಂಗಡಿಗಳಲ್ಲಿ ದೊರೆಯುವ ಚೀಲಗಳು ಅದೇ ತತ್ತ್ವದವು. ಬೆಳಗ್ಗೆ ಹಾಸಿಗೆಯಿಂದ ಏಳುವ ಮುನ್ನ, ಕಾಲು ಊದುವ ಮೊದಲೇ ತೊಡಬೇಕು, ರಾತ್ರಿ ತೆಗೆಯಬೇಕು. ಅಳತೆ ತೆಗೆಸಿಕೊಳ್ಳದೆ ಕೊಳ್ಳಬಾರದು. ಚೀಲವು ತೊಂದರೆಯನ್ನು ತಗ್ಗಿಸುತ್ತದೆ, ಸೋತ ಕವಾಟವನ್ನು ಸರಿಪಡಿಸುವುದಿಲ್ಲ. ಕಾಲಿನ ಅಪಧಮನಿಗಳು ಕಿರಿದಾಗಿರುವವರು, ಮುಖ್ಯವಾಗಿ ಬೀಡಿ ಸಿಗರೇಟು ಸೇದುವವರು ಮತ್ತು ಸಕ್ಕರೆ ಕಾಯಿಲೆಯವರು, ವೈದ್ಯರು ಪಾದದ ನಾಡಿಯನ್ನು ಪರೀಕ್ಷಿಸುವ ಮೊದಲು ಇದನ್ನು ತೊಡಕೂಡದು. ಬರುವ ಅಲ್ಪ ರಕ್ತಕ್ಕೂ ತಡೆಯುಂಟಾಗಿ ಪಾದಕ್ಕೆ ಹಾನಿಯಾದೀತು.

ಕತ್ತಿಯಿಂದ ಸೂಜಿಯ ಕಡೆಗೆ

ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 19ನೆಯ ಶತಮಾನದ ಕೊನೆಯಲ್ಲಿ ಮಹಾ ಸಫೀನಸ್ ನಾಳವನ್ನು ತೊಡೆಯ ಭಾಗದಲ್ಲಿ ಕಟ್ಟುವ ಕ್ರಮವನ್ನು ಪ್ರಚಾರಕ್ಕೆ ತಂದನು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವೈದ್ಯರು ಇಡೀ ನಾಳವನ್ನು ತಂತಿಯ ಸಹಾಯದಿಂದ ಎಳೆದು ತೆಗೆಯುವ ಕ್ರಮವನ್ನು ಬಳಕೆಗೆ ತಂದರು. ಅನೇಕ ದಶಕಗಳ ಕಾಲ ಇದೇ ಮುಖ್ಯ ಚಿಕಿತ್ಸೆಯಾಗಿತ್ತು. ಇದಕ್ಕೆ ಬೆನ್ನಿಗೆ ಅರಿವಳಿಕೆ ಅಥವಾ ಪೂರ್ಣ ಅರಿವಳಿಕೆ ಬೇಕು. ತೊಡೆಯಲ್ಲಿ ಕೊಯ್ತ, ಕಾಲೆಲ್ಲ ರಕ್ತಗಂದು, ಕೆಲವು ವಾರಗಳ ವಿಶ್ರಾಂತಿ ಇದ್ದದ್ದೇ. ಇಂದಿಗೂ ಕೆಲವರಿಗೆ ಇದು ಯೋಗ್ಯವೇ.

ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಒಂದು ಹೊಸ ಆಲೋಚನೆ ಮೂಡಿತು: ನಾಳವನ್ನು ಕಿತ್ತು ತೆಗೆಯುವುದೇಕೆ, ಒಳಗಿನಿಂದಲೇ ಮುಚ್ಚಿದರಾಗದೇ? ರೇಡಿಯೋ ತರಂಗದ ಶಾಖದಿಂದ ಮುಚ್ಚುವ ಸಾಧನಕ್ಕೆ ಅಮೆರಿಕದಲ್ಲಿ 1999ರಲ್ಲಿಯೂ, ಲೇಸರ್ ಸಾಧನಕ್ಕೆ 2002ರಲ್ಲಿಯೂ ಅನುಮತಿ ದೊರೆಯಿತು. ಎರಡರ ವಿಧಾನವೂ ಹೆಚ್ಚು ಕಡಿಮೆ ಒಂದೇ. ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತ, ಮೊಣಕಾಲಿನ ಆಸುಪಾಸಿನಲ್ಲಿ ಸೂಜಿಯ ರಂಧ್ರದಿಂದ ನಾಳದೊಳಕ್ಕೆ ತೆಳುವಾದ ನಳಿಕೆಯನ್ನು ತೂರಿಸಿ ತೊಡೆಸಂದಿಯ ಸಮೀಪದವರೆಗೆ ಒಯ್ಯುತ್ತಾರೆ. ಅನಂತರ ನಾಳದ ಸುತ್ತಲೂ ಅರಿವಳಿಕೆ ಬೆರೆಸಿದ ಉಪ್ಪುನೀರನ್ನು ತುಂಬುತ್ತಾರೆ. ಈ ನೀರು ನೋವನ್ನು ತಡೆಯುತ್ತದೆ, ನಾಳವನ್ನು ಕುಗ್ಗಿಸುತ್ತದೆ, ಚರ್ಮಕ್ಕೂ ಪಕ್ಕದ ನರಕ್ಕೂ ಶಾಖ ತಗಲದಂತೆ ಕಾಪಾಡುತ್ತದೆ. ಆಮೇಲೆ ಶಾಖವನ್ನು ಕೊಡುತ್ತ ನಳಿಕೆಯನ್ನು ಹಿಂದಕ್ಕೆ ಸೆಳೆಯುತ್ತಾರೆ. ರೇಡಿಯೋ ತರಂಗದ ಪ್ರಚಲಿತ ಸಾಧನವೊಂದು 7 ಸೆಂಟಿಮೀಟರ್ ಉದ್ದದ ಭಾಗವನ್ನು 120 ಡಿಗ್ರಿ ಶಾಖದಲ್ಲಿ 20 ಸೆಕೆಂಡುಗಳಲ್ಲಿ ಮುಚ್ಚುತ್ತದೆ. ಮುಚ್ಚಿದ ನಾಳವು ಕ್ರಮೇಣ ನಾರಿನಂತಾಗಿ ದೇಹದಲ್ಲಿಯೇ ಕರಗುತ್ತದೆ. ರೋಗಿಯು ಅಂದೇ ನಡೆದು ಮನೆಗೆ ಹೋಗಬಹುದು. ನಡೆಯಲೇಬೇಕು ಎಂಬುದು ವೈದ್ಯರ ಆಜ್ಞೆ.

ಮೂರನೆಯದು ನೊರೆಯ ಚಿಕಿತ್ಸೆ. ನಾಳದ ಒಳಪದರವನ್ನು ಅಂಟಿಸುವ ಔಷಧವನ್ನು ಗಾಳಿಯೊಡನೆ ಬೆರೆಸಿ ನೊರೆಯಾಗಿಸಿ ಸೂಜಿಯಿಂದ ತುಂಬುತ್ತಾರೆ. ಎರಡು ಸಿರಿಂಜುಗಳನ್ನು ಜೋಡಿಸಿ ಸುಲಭವಾಗಿ ನೊರೆ ಮಾಡುವ ಕ್ರಮವನ್ನು ಇಟಲಿಯ ಟೆಸ್ಸಾರಿ 2000ದಲ್ಲಿ ಪ್ರಕಟಿಸಿದ ಮೇಲೆ ಇದು ಎಲ್ಲೆಡೆ ಹಬ್ಬಿತು. ಇದು ಕಡಿಮೆ ವೆಚ್ಚದ್ದು, ಅಂಕುಡೊಂಕಾದ ನಾಳಗಳಿಗೂ ಮರುಕಳಿಸಿದವಕ್ಕೂ ಅನುಕೂಲ. ಆದರೆ ದೊಡ್ಡ ನಾಳವು ಮತ್ತೆ ತೆರೆದುಕೊಳ್ಳುವ ಸಂಭವ ಶಾಖದ ಚಿಕಿತ್ಸೆಗಿಂತ ಹೆಚ್ಚು. ನಾಲ್ಕನೆಯದು ವೈದ್ಯಕೀಯ ಅಂಟು. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಕ್ರಮದಲ್ಲಿ ಶಾಖವಿಲ್ಲ, ಸುತ್ತಲೂ ಅರಿವಳಿಕೆಯ ನೀರನ್ನು ತುಂಬಬೇಕಾಗಿಲ್ಲ. ವೆಚ್ಚ ಮಾತ್ರ ಹೆಚ್ಚು, ಮತ್ತು ಕೆಲವರಿಗೆ ಅಂಟು ಒಗ್ಗದೆ ಚರ್ಮ ಕೆಂಪಾಗುವುದುಂಟು.

ಬ್ರಿಟನ್ನಿನ ಸರ್ಕಾರಿ ವೈದ್ಯ ಮಾರ್ಗದರ್ಶಿಯು 2013ರಲ್ಲಿ, ಯೋಗ್ಯರಾದ ರೋಗಿಗಳಿಗೆ ಮೊದಲು ಶಾಖದ ಚಿಕಿತ್ಸೆ, ಅದು ಆಗದಿದ್ದರೆ ನೊರೆ, ಅದೂ ಆಗದಿದ್ದರೆ ಶಸ್ತ್ರಕ್ರಿಯೆ ಎಂಬ ಅನುಕ್ರಮವನ್ನು ಸೂಚಿಸಿತು.

ಇವು ಸರಳವೆಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದಲ್ಲ. ಚರ್ಮದಲ್ಲಿ ಕಲೆ, ಕೆಲಕಾಲ ಜೋಮು, ನಾಳದ ಗುಂಟ ಉರಿಯೂತ ಆಗಬಹುದು. ವಿರಳವಾಗಿ ಹೆಪ್ಪು ಆಳದ ನಾಳಕ್ಕೆ ಚಾಚಬಹುದು. ಹೊಸ ನಾಳಗಳಲ್ಲಿ ರೋಗವು ಮರುಕಳಿಸಲೂಬಹುದು.

ಕೆಲವು ಸಂದೇಹಗಳು

ಒಂದು ನಾಳವನ್ನು ಮುಚ್ಚಿದರೆ ಕಾಲಿಗೆ ರಕ್ತ ಸಂಚಾರ ನಿಲ್ಲುವುದಿಲ್ಲವೇ? ಇಲ್ಲ. ಕಾಲಿನ ಬಹುಪಾಲು ರಕ್ತವನ್ನು ಆಳದ ನಾಳಗಳೇ ಒಯ್ಯುತ್ತವೆ. ಸೋತ ನಾಳವು ರಕ್ತವನ್ನು ಮೇಲೇರಿಸುತ್ತಿರಲಿಲ್ಲ, ಕೆಳಗಿಳಿಸುತ್ತಿತ್ತು. ಅದನ್ನು ಮುಚ್ಚಿದಾಗ ಉಳಿದ ನಾಳಗಳ ಹೊರೆ ಇಳಿಯುತ್ತದೆ.

ಮುಂದೆ ಹೃದಯದ ಬೈಪಾಸ್‌ಗೆ ಈ ನಾಳ ಬೇಕಾದರೆ? 1967ರಲ್ಲಿ ರೆನೆ ಫವಲೋರೊ ಎಂಬ ವೈದ್ಯನು ಈ ಸಫೀನಸ್ ನಾಳವನ್ನು ಬಳಸಿಯೇ ಬೈಪಾಸ್ ಚಿಕಿತ್ಸೆಗೆ ಭದ್ರವಾದ ತಳಹದಿ ಹಾಕಿದನು. ಆದುದರಿಂದ ಪ್ರಶ್ನೆ ಸಹಜವೇ. ಆದರೆ ಹಿಗ್ಗಿ ಡೊಂಕಾದ ನಾಳವು ಸಾಮಾನ್ಯವಾಗಿ ಆ ಕೆಲಸಕ್ಕೆ ಬರುವುದಿಲ್ಲ. ಆರೋಗ್ಯವಾಗಿರುವ ನಾಳವನ್ನು ಮಾತ್ರ ಯಾರೂ ಅನವಶ್ಯಕವಾಗಿ ಮುಚ್ಚಬಾರದು.

ಗರ್ಭಿಣಿಯರು ಏನು ಮಾಡಬೇಕು? ಎಡಮಗ್ಗುಲಿಗೆ ಮಲಗುವುದು, ಕಾಲನ್ನು ಎತ್ತರದಲ್ಲಿಡುವುದು, ವೈದ್ಯರು ಹೇಳಿದರೆ ಕಾಲುಚೀಲ ಧರಿಸುವುದು ಸಾಕು. ಮುಚ್ಚುವ ಚಿಕಿತ್ಸೆಗೆ ಹೆರಿಗೆಯ ಅನಂತರ ಕೆಲವು ತಿಂಗಳು ಕಾಯಬೇಕು.

ಎಲ್ಲರಿಗೂ ಚಿಕಿತ್ಸೆ ಬೇಕೇ? ಬೇಡ. ನೋವಿಲ್ಲದ, ಊತವಿಲ್ಲದ, ಚರ್ಮ ಕೆಡದ ಸಣ್ಣ ನೀಲಿ ಗೆರೆಗಳು ಕೇವಲ ಅಂದದ ಪ್ರಶ್ನೆ. ಮದುವೆಯ ವಯಸ್ಸಿನ ಹೆಣ್ಣುಮಕ್ಕಳ ತಂದೆತಾಯಿಗಳು ಜಾಹೀರಾತುಗಳಿಗೆ ಮರುಳಾಗಿ, ಸಾಲ ಮಾಡಿ ಲೇಸರ್ ಮಾಡಿಸುವ ಅಗತ್ಯವಿಲ್ಲ. ಇನ್ನೊಂದೆಡೆ, ಹರಡು ಕಪ್ಪಾಗಿ ತುರಿಸುತ್ತಿರುವ ಅಜ್ಜಿಯನ್ನು ವಯಸ್ಸಾಯಿತೆಂದು ಮನೆಯಲ್ಲಿಯೇ ಉಳಿಸುವುದೂ ಸರಿಯಲ್ಲ. ಬೇಡದವರು ಮಾಡಿಸಿಕೊಳ್ಳುವುದು, ಬೇಕಾದವರು ವಂಚಿತರಾಗುವುದು ಇಂದಿನ ವಿಪರ್ಯಾಸ.

ಎಲ್ಲಿಗೆ ಹೋಗಬೇಕೆಂಬ ಚಿಂತೆಯೂ ಬೇಡ. ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗವೇ ಮೊದಲ ಬಾಗಿಲು. ಬೆಳಗಾವಿಯ ಕೆ.ಎಲ್.ಇ., ಮೈಸೂರಿನ ಜೆ.ಎಸ್.ಎಸ್., ದಾವಣಗೆರೆಯ ಬಾಪೂಜಿ, ವಿಜಯಪುರದ ಬಿ.ಎಲ್.ಡಿ.ಇ. ಮೊದಲಾದ ಸಂಸ್ಥೆಗಳು ನಡೆಸುವ ವೈದ್ಯಕೀಯ ಕಾಲೇಜುಗಳಲ್ಲಿಯೂ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ತಮಗೆ ಯಾವ ನೆರವು ದೊರೆಯುವುದೆಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಿ, ಪಡಿತರ ಚೀಟಿ ಮತ್ತು ಆಧಾರ್ ಚೀಟಿಯನ್ನು ಒಯ್ಯುವುದು ಲೇಸು.

ಮನೆಯವರ ಕರ್ತವ್ಯ

ದಿನಕ್ಕೆ ಅರ್ಧ ಗಂಟೆಯ ನಡಿಗೆ, ದೇಹದ ತೂಕದ ಮಿತಿ, ಮಲಬದ್ಧತೆಯಾಗದಂತೆ ಸೊಪ್ಪು, ಕಾಳು, ಜೋಳದ ರೊಟ್ಟಿಯ ಆಹಾರ ಇವು ಎಲ್ಲರಿಗೂ ಹಿತ. ನಿಂತು ಕೆಲಸ ಮಾಡುವವರು ಆಗಾಗ ಹಿಮ್ಮಡಿಯನ್ನೆತ್ತಿ ತುದಿಗಾಲಲ್ಲಿ ನಿಂತು ಇಳಿಯಬೇಕು. ಇದರಿಂದ ಮೀನಖಂಡದ ಯಂತ್ರ ಕೆಲಸ ಮಾಡುತ್ತದೆ. ದಿನದಲ್ಲಿ ಎರಡು ಮೂರು ಬಾರಿ ಹದಿನೈದು ನಿಮಿಷ ಮಲಗಿ ಕಾಲನ್ನು ಹೃದಯಕ್ಕಿಂತ ಮೇಲೆ ಇಡಬೇಕು. ರಾತ್ರಿ ಮಂಚದ ಕಾಲ್ದೆಸೆಯ ಕೆಳಗೆ ಒಂದೆರಡು ಇಟ್ಟಿಗೆ ಇಟ್ಟರೆ ಸಾಕು, ಕಾಲುಗಳಿಗೆ ವಿಶ್ರಾಂತಿ ದೊರೆಯುತ್ತದೆ. ಹೃದಯದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿ ಹೀಗೆ ಮಾಡಬೇಕು.

ಕೇರಳದ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುತ್ತಿದ್ದ ಹೆಣ್ಣುಮಕ್ಕಳು ಕುಳಿತುಕೊಳ್ಳುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಕೇರಳವು ತನ್ನ ಕಾನೂನನ್ನು ತಿದ್ದಿ ಅಂಗಡಿಗಳಲ್ಲಿ ಆಸನವನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿಯನ್ನು ಹಿಡಿಯಿತು. ನಮ್ಮ ಸಮಾಜದಲ್ಲಿ ಅಂಗಡಿ, ಗಿರಣಿ, ಶಾಲೆಗಳನ್ನು ನಡೆಸುವವರು ಬಹುಮಂದಿ. ಕಾನೂನು ಬಂದು ಹೇಳಲೆಂದು ಕಾಯದೆ, ತಮ್ಮಲ್ಲಿ ದುಡಿಯುವವರಿಗೆ ಒಂದು ಆಸನವನ್ನು ಹಾಕಿಕೊಡುವುದು ಅವರಿಂದ ಆಗದ ಕೆಲಸವಲ್ಲ. ಮಠಗಳ ದಾಸೋಹದ ಅಡುಗೆಮನೆಗಳಲ್ಲಿ ಎತ್ತರದ ಪೀಠಗಳನ್ನಿಟ್ಟು, ಸರದಿಯಂತೆ ಸೇವಕರನ್ನು ಬದಲಿಸುವ ಏರ್ಪಾಡು ಆಗಬೇಕು.

ಬಸವಾದಿ ಶರಣರು ಕಾಯಕಕ್ಕೆ ಕೊಟ್ಟ ಮಹತ್ವವನ್ನು ನಾವೆಲ್ಲರೂ ಬಲ್ಲೆವು. ಆದರೆ ಕಾಯಕವೆಂದರೆ ಕಾಯವನ್ನು ದಂಡಿಸುವುದಲ್ಲ. ದೇಹವನ್ನು ದೇಗುಲವೆಂದು ಕಂಡ ಪರಂಪರೆ ನಮ್ಮದು. ಮನೆಮಂದಿಗೆಲ್ಲ ಬಡಿಸಿ ಕೊನೆಯಲ್ಲಿ ಉಣ್ಣುವ ತಾಯಿ ತನ್ನ ಕಾಲಿನ ನೋವನ್ನು ತಾನಾಗಿ ಹೇಳುವುದಿಲ್ಲ. ಕೇಳುವ ಹೊಣೆ ಮಕ್ಕಳದು, ಸೊಸೆಯಂದಿರದು, ಗಂಡನದು. ಇಂದು ಸಂಜೆ ಮನೆಯ ಹಿರಿಯರ ಹರಡನ್ನು ಬೆಳಕಿನಲ್ಲಿ ಒಮ್ಮೆ ನೋಡಿರಿ. ಊತವಿದೆಯೇ, ಬಣ್ಣ ತಿರುಗಿದೆಯೇ, ತುರಿಕೆಯ ಗುರುತಿದೆಯೇ ಎಂದು ಗಮನಿಸಿರಿ. ಇದ್ದರೆ, ನರಕ್ಕೆ ಟಾನಿಕ್ ತರುವ ಬದಲು, ನಾಳವನ್ನು ಪರೀಕ್ಷಿಸುವ ವೈದ್ಯರ ಬಳಿಗೆ ಈ ವಾರವೇ ಕರೆದೊಯ್ಯಿರಿ.